ಬಿಟ್ಟುಹೋಗುವವರನ್ನು ಬಿಡಿ: ಚಂದಾ ಆ್ಯಪ್ ನಡೆಸುವವರಿಗೆ ಒಂದು ಬಹಿರಂಗ ಪತ್ರ



ತಿಂಗಳಿಗೊಮ್ಮೆ ನಮ್ಮ ಖಾತೆಯಿಂದ ತಾನಾಗಿಯೇ ದುಡ್ಡು ಕಟ್ ಆಗುವಂತೆ ಮಾಡಿಕೊಂಡಿರುವ ಸಿನಿಮಾ ಆ್ಯಪ್, ಕತೆ ಕೇಳಿಸುವ ಆ್ಯಪ್, ಜಾತಕದ ಆ್ಯಪ್, ಇಂಗ್ಲಿಷ್ ಕಲಿಸುವ ಆ್ಯಪ್‌ಗಳ ಮಾಲೀಕರಿಗೆ, ಮ್ಯಾನೇಜರುಗಳಿಗೆ, ಅವುಗಳ ಪರದೆ ರೂಪಿಸುವ ಡಿಸೈನರ್‌ಗಳಿಗೆ ಈ ಪತ್ರ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಈಗಲೂ ನಮ್ಮ ಬೀದಿಯವರು ಪಾಸ್‌ಬುಕ್ ಹಿಡಿದುಕೊಂಡು ಮನೆಗೆ ಬರುತ್ತಾರೆ. ಬಡ್ಡಿ ಎಷ್ಟು ಬಿತ್ತು, ಪಿಂಚಣಿ ಬಂತಾ ಎಂದು ಕೇಳುತ್ತಿದ್ದವರು ಈಗ ಬೆರಳಿಟ್ಟು ತೋರಿಸುವ ಸಾಲೇ ಬೇರೆ: “ಈ 299 ಯಾರು ತಗೊಂಡ್ರು ಮೇಡಂ?”

ಎದುರುಮನೆಯ ಅಜ್ಜಿಯ ಫೋನಿನಲ್ಲಿ ನಾನೇ ನೋಡಿದ್ದನ್ನು ಹೇಳುತ್ತೇನೆ. ಜಾಹೀರಾತು ಕನ್ನಡದಲ್ಲಿತ್ತು. ಪುರಾಣದ ಕತೆಗಳು, ಒಂದು ರೂಪಾಯಿಗೆ ಒಂದು ವಾರ. ಒತ್ತಿದ ಕೂಡಲೇ ಯುಪಿಐ ತೆರೆದುಕೊಂಡಿತು, ಅಜ್ಜಿ ಪಿನ್ ಹಾಕಿದರು. ಒಂದು ರೂಪಾಯಿ ಕೊಟ್ಟೆ ಎಂದಷ್ಟೇ ಅವರು ತಿಳಿದದ್ದು. ತಿಂಗಳು ತಿಂಗಳು 299 ತೆಗೆದುಕೊಳ್ಳುವ ಆಟೋಪೇಗೂ ಅದೇ ಪಿನ್ ಒಪ್ಪಿಗೆಯಾಗಿತ್ತು. ಆ ಮಾತು ಮಾತ್ರ ಕೆಳಗೆ ಸಣ್ಣಕ್ಷರದಲ್ಲಿ, ಇಂಗ್ಲಿಷಿನಲ್ಲಿತ್ತು. ದುಡ್ಡು ಹೋಗುತ್ತಿದೆ ಎಂದು ಗೊತ್ತಾದಾಗ ಮೊಮ್ಮಗ ಆ್ಯಪನ್ನೇ ಡಿಲೀಟ್ ಮಾಡಿದ. ಮುಂದಿನ ತಿಂಗಳೂ ಕಟ್ ಆಯಿತು. ಫೋನಿನಿಂದ ಆ್ಯಪ್ ಹೋದರೂ ಮ್ಯಾಂಡೇಟ್, ಅಂದರೆ ದುಡ್ಡು ಕಟ್ ಮಾಡಲು ಕೊಟ್ಟ ಒಪ್ಪಿಗೆ, ಹೋಗುವುದಿಲ್ಲ ಎಂಬುದು ನಿಮಗೆ ಗೊತ್ತು, ನನಗೆ ಗೊತ್ತು. ಅವರಿಗೆ ಯಾರು ಹೇಳಿದ್ದರು?

ಆ್ಯಪನ್ನು ಮತ್ತೆ ಹಾಕಿಕೊಂಡು ಕ್ಯಾನ್ಸಲ್ ಎಲ್ಲಿದೆ ಎಂದು ಹುಡುಕಿದೆ. ಪ್ರೊಫೈಲ್, ಅದರೊಳಗೆ ಸೆಟ್ಟಿಂಗ್ಸ್, ಅದರೊಳಗೆ ಅಕೌಂಟ್, ಅದರ ತಳದಲ್ಲಿ ‘ಮ್ಯಾನೇಜ್ ಪ್ಲಾನ್’. ಒಳಗೆ ಹೋದರೆ ಕಾರಣ ಕೇಳಿತು. ಕಾರಣ ಹೇಳಿದರೆ ಅರ್ಧ ಬೆಲೆಗೆ ಕೊಡುತ್ತೇವೆ ಎಂದಿತು. ಅದೂ ಬೇಡ ಎಂದರೆ, ಮನೆಯ ಮಕ್ಕಳಿಗೆ ಕತೆ ತಪ್ಪಿಸುತ್ತೀರಾ ಎಂಬರ್ಥದ ಪ್ರಶ್ನೆ. ಕೊನೆಯ ಪರದೆಯಲ್ಲಿ ‘ಉಳಿಯುತ್ತೇನೆ’ ಎನ್ನುವುದಕ್ಕೆ ಕಿತ್ತಳೆ ಬಣ್ಣದ ದೊಡ್ಡ ಬಟನ್. ‘ಬಿಡುತ್ತೇನೆ’ ಎನ್ನುವುದಕ್ಕೆ ಬಟನ್ನೇ ಇಲ್ಲ, ಬಿಳಿಯ ಮೇಲೆ ತಿಳಿಬೂದು ಬಣ್ಣದ ಒಂದು ಸಾಲು. ಇಷ್ಟೂ ಪರದೆಗಳಲ್ಲಿ ಒಂದಕ್ಷರ ಕನ್ನಡವಿರಲಿಲ್ಲ.

ನಿಯಮ ಇಲ್ಲ ಎಂದು ನೀವು ಹೇಳುವಂತಿಲ್ಲ. ಡಾರ್ಕ್ ಪ್ಯಾಟರ್ನ್, ಅಂದರೆ ಪರದೆಯ ವಿನ್ಯಾಸದಿಂದಲೇ ಗ್ರಾಹಕರನ್ನು ಮೋಸಗೊಳಿಸುವುದನ್ನು, ತಡೆಯುವ ಮಾರ್ಗಸೂಚಿಯನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ್ದು 2023ರ ನವೆಂಬರ್ 30ರಂದು. ಅದರಲ್ಲಿರುವ 13 ಬಗೆಯ ಮೋಸಗಳಲ್ಲಿ ‘ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್’ ಒಂದು. ಚಂದಾ ರದ್ದು ಮಾಡುವುದನ್ನು ಉದ್ದದ, ತೊಡಕಿನ ಕೆಲಸವಾಗಿಸಬಾರದು, ರದ್ದತಿಯ ಆಯ್ಕೆಯನ್ನು ಬಚ್ಚಿಡಬಾರದು, ಅದರ ಸೂಚನೆಗಳು ಗೊಂದಲ ಹುಟ್ಟಿಸಬಾರದು, ಉಚಿತ ಚಂದಾಕ್ಕೆ ಆಟೋ ಡೆಬಿಟ್ ಒಪ್ಪಿಗೆಯನ್ನು ಬಲವಂತವಾಗಿ ಪಡೆಯಬಾರದು. ಬಿಡುವವರಲ್ಲಿ ತಪ್ಪಿತಸ್ಥ ಭಾವ ಹುಟ್ಟಿಸುವ ಮಾತೂ ಆ ಪಟ್ಟಿಯಲ್ಲೇ ಬೇರೆಯಾಗಿ ಇದೆ. 2025ರ ಜೂನ್‌ನಲ್ಲಿ ಇದೇ ಪ್ರಾಧಿಕಾರ, ಮೂರು ತಿಂಗಳೊಳಗೆ ನಿಮ್ಮ ಆ್ಯಪ್‌ಗಳನ್ನು ನೀವೇ ತಪಾಸಣೆ ಮಾಡಿಕೊಳ್ಳಿ ಎಂದು ಇ-ಕಾಮರ್ಸ್ ಕಂಪನಿಗಳಿಗೆ ಸೂಚಿಸಿತು. ‘ಉಚಿತ’ ಎನ್ನುವ ಕಡೆ ‘ಒಂದು ರೂಪಾಯಿ’ ಎಂದು ಬರೆದರೆ ನಿಯಮ ತಾಗುವುದಿಲ್ಲ ಎಂದು ನಿಮ್ಮ ವಕೀಲರು ವಾದಿಸಬಹುದು. ಆ ಒಂದು ರೂಪಾಯಿ ಕತೆಯ ಬೆಲೆಯಲ್ಲ, ಮ್ಯಾಂಡೇಟ್ ಪಡೆಯುವ ಉಪಾಯ. ಅದನ್ನು ವ್ಯಾಪಾರ ಎಂದು ನಾನು ಒಪ್ಪಲಾರೆ.

ರಿಸರ್ವ್ ಬ್ಯಾಂಕ್ ಕೂಡ ತನ್ನ ಕಡೆಯಿಂದ ಒಂದು ಕಾವಲು ಇಟ್ಟಿದೆ. ಹಣ ಕಟ್ ಆಗುವ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸಂದೇಶ ಹೋಗಬೇಕು, ಬೇಡವೆಂದರೆ ಆ ಕಂತನ್ನಾಗಲಿ ಇಡೀ ಮ್ಯಾಂಡೇಟನ್ನಾಗಲಿ ತಡೆಯಲು ಅವರಿಗೆ ದಾರಿ ಇರಬೇಕು. ಅಜ್ಜಿಗೂ ಸಂದೇಶ ಬಂದಿತ್ತು. ಇಂಗ್ಲಿಷಿನಲ್ಲಿ, ಕೆಳಗೊಂದು ಲಿಂಕ್. ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ಕೇಳಿದಲ್ಲೆಲ್ಲ ಪಿನ್ ಹಾಕಬೇಡಿ ಎಂದು ಅವರಿಗೆ ಕಲಿಸಿದವರು ನಾವೇ, ಬ್ಯಾಂಕಿನವರು. ಅವರು ನಮ್ಮ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಯುಪಿಐ ಆ್ಯಪಿನಲ್ಲಿ ಆಟೋಪೇ ತೆಗೆಯುವಾಗ ಪಿನ್ ಕೇಳಿದ್ದಕ್ಕೂ ಹೆದರಿ, ಇನ್ನಷ್ಟು ದುಡ್ಡು ಹೋದೀತೆಂದು ಅಲ್ಲಿಗೇ ನಿಲ್ಲಿಸಿದ್ದರು. ಎಚ್ಚರದಿಂದಿರುವವರೇ ಸಿಕ್ಕಿಬೀಳುವ ಈ ಸ್ಥಿತಿ ನನ್ನನ್ನು ತುಂಬಾ ಕಾಡುತ್ತದೆ. ಆ ಸಂದೇಶ ಕನ್ನಡದಲ್ಲಿದ್ದು, ಕಂಪನಿಯ ಹೆಸರು, ಮೊತ್ತ, ದಿನಾಂಕ ನೇರವಾಗಿ ಹೇಳಿದ್ದರೆ ಅವರು ಅಂದೇ ನನ್ನ ಬಳಿ ಬರುತ್ತಿದ್ದರು.

ಹಾಗಾಗಿ ಭಾಷೆಯ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಕನ್ನಡದಲ್ಲಿ ಮಾರುವಷ್ಟು ಕನ್ನಡ ನಿಮ್ಮಲ್ಲಿದೆ. ಕನ್ನಡ ಮಾತ್ರ ಓದಬಲ್ಲವರಿಗೆ ಇಂಗ್ಲಿಷ್ ರದ್ದತಿ ಪುಟ ಗೊಂದಲವಲ್ಲದೆ ಮತ್ತೇನು? ಯಾವ ಭಾಷೆಯಲ್ಲಿ ಸೇರಿಸಿಕೊಂಡಿರೋ ಅದೇ ಭಾಷೆಯಲ್ಲಿ ಬಿಡಲು ಅವಕಾಶ ಕೊಡದಿದ್ದರೆ ಅದನ್ನು ‘ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್’ ಎಂದೇ ಪ್ರಾಧಿಕಾರ ಪರಿಗಣಿಸಬೇಕು ಎಂಬುದು ನನ್ನ ವಾದ.

ಆಗದ ಕೆಲಸವನ್ನೇನೂ ನಾನು ಕೇಳುತ್ತಿಲ್ಲ. ಜರ್ಮನಿಯಲ್ಲಿ ಆನ್‌ಲೈನಿನಲ್ಲಿ ಚಂದಾ ಮಾರುವವರು ತಮ್ಮ ತಾಣದಲ್ಲಿ ಎದ್ದು ಕಾಣುವ ರದ್ದತಿ ಬಟನ್ ಇಡಲೇಬೇಕೆಂಬ ಕಾನೂನು 2022ರ ಜುಲೈ 1ರಿಂದ ಜಾರಿಯಲ್ಲಿದೆ. ಬಹುಕಾಲದಿಂದ ಏನನ್ನೂ ನೋಡದ ಸದಸ್ಯರಿಗೆ ಮುಂದುವರಿಯುತ್ತೀರಾ ಎಂದು ಕೇಳಿ, ಉತ್ತರ ಬಾರದಿದ್ದರೆ ನಾವೇ ರದ್ದು ಮಾಡುತ್ತೇವೆ ಎಂದು ನೆಟ್‌ಫ್ಲಿಕ್ಸ್ 2020ರಲ್ಲೇ ಪ್ರಕಟಿಸಿತ್ತು. ಇನ್ನೊಂದು ದಾರಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಪ್ರೈಮ್ ಸದಸ್ಯತ್ವಕ್ಕೆ ಜನರನ್ನು ಒಪ್ಪಿಗೆಯಿಲ್ಲದೆ ಸೇರಿಸಿಕೊಂಡ, ಬಿಡುವುದನ್ನು ಕಷ್ಟ ಮಾಡಿದ ಆರೋಪದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ಮೊಕದ್ದಮೆಯನ್ನು ಬಗೆಹರಿಸಿಕೊಳ್ಳಲು ಅಮೆಜಾನ್ 2025ರ ಸೆಪ್ಟೆಂಬರ್‌ನಲ್ಲಿ 250 ಕೋಟಿ ಡಾಲರ್ ಕೊಡಲು ಒಪ್ಪಿತು. ಅದರಲ್ಲಿ 150 ಕೋಟಿ ಗ್ರಾಹಕರಿಗೆ ಮರಳಿಸುವ ಹಣ.

ಡಿಸೈನರ್‌ಗಳೇ, ನಿಮ್ಮಲ್ಲಿ ಎಷ್ಟೋ ಮಂದಿ ಬೆಂಗಳೂರಿನಲ್ಲೇ ಕೂತು ಕೆಲಸ ಮಾಡುತ್ತೀರಿ. ನಿಮ್ಮ ಊರಿನ ಮನೆಗಳಲ್ಲೂ ಇಂಥ ಅಜ್ಜಿಯರಿದ್ದಾರೆ. ರದ್ದತಿಗೆ ಇನ್ನೊಂದು ಪರದೆ ಸೇರಿಸೋಣ ಎಂದು ಮೀಟಿಂಗಿನಲ್ಲಿ ಯಾರಾದರೂ ಹೇಳಿದಾಗ ಬೇಡ ಎನ್ನಿ. ಬಿಡುತ್ತೇನೆ ಎಂದವರ ಮ್ಯಾಂಡೇಟನ್ನು ಆ ಕ್ಷಣವೇ ತೆಗೆಯಿರಿ, ತೆಗೆದೆವು ಎಂದು ಅವರ ಭಾಷೆಯಲ್ಲಿ ತಿಳಿಸಿ. ಎರಡು ತಿಂಗಳು ಆ್ಯಪ್ ತೆರೆಯದವರನ್ನು ಕೇಳದೆ ಮೂರನೇ ತಿಂಗಳ ದುಡ್ಡು ಮುಟ್ಟಬೇಡಿ.

ಅಜ್ಜಿಯ ಪಕ್ಕದಲ್ಲೇ ಕೂತು, ಪಿನ್ ಅವರಿಂದಲೇ ಹಾಕಿಸಿ ಆಟೋಪೇ ತೆಗೆಸಿದ್ದೇನೆ. ನಮ್ಮ ಬೀದಿಯಲ್ಲಿ ಇನ್ನು ಯಾರಿಗೆ ಹೀಗಾದರೂ ಮೊದಲು ಅದನ್ನು ಮಾಡುತ್ತೇನೆ, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿಸುತ್ತೇನೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಇತಿ,
ಒಬ್ಬ ನಿವೃತ್ತ ಬ್ಯಾಂಕ್ ಉದ್ಯೋಗಿ