ಒಂದು ಲಕ್ಷ ಹೆಚ್ಚಾದ ಕಾಕಾ

ಪುಣೆ ಬಳಿಯ ನಿಗಡಿಯ ಯಮುನಾನಗರದಲ್ಲಿ ಯಾವ ಓಣಿ ಹೊಕ್ಕರೂ ಇಂಥ ಒಬ್ಬ ಕಾಕಾ ಸಿಕ್ಕೇ ಸಿಗುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆಯಿಂದ ಐ.ಟಿ.ಐ. ಮುಗಿಸಿ ಬಂದವರು. ಆಕುರ್ಡಿ, ಪಿಂಪ್ರಿಯ ಕಾರ್ಖಾನೆಗಳಲ್ಲಿ ಮೂರೂ ಪಾಳಿ ದುಡಿದವರು. ಈಗ ನಿವೃತ್ತರಾಗಿ, ಬೆಳಗಾದರೆ ದುರ್ಗಾ ಟೇಕಡಿ ಹತ್ತಿ ಇಳಿಯುವವರು. ಮರಾಠಿಯನ್ನು ಕನ್ನಡದ ರಾಗದಲ್ಲಿಯೂ ಕನ್ನಡವನ್ನು ಅರ್ಧ ಮರಾಠಿಯಲ್ಲಿಯೂ ಮಾತಾಡುತ್ತ ಸುಖವಾಗಿರುವ ಇವರ ಖಾತೆಗೆ ಒಂದು ದಿನ ಊರಿನ ಹೊಲ ಮಾರಿದ ಪಾಲಿನ ರೊಕ್ಕ ಬಂದು ಬೀಳುತ್ತದೆ. ಅವತ್ತಿಗೆ ಸುಖ ಮುಗಿಯಿತು.

ನಾನು ಹೇಳುತ್ತಿರುವ ಕಾಕಾಗೆ ಬಂದದ್ದು 31 ಲಕ್ಷ. 30 ಬಂದಿದ್ದರೆ ನಾನಿದನ್ನು ಬರೆಯುವ ಪ್ರಸಂಗವೇ ಇರಲಿಲ್ಲ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು ಇಡಬಹುದಾದ ಮಿತಿ ಮೊದಲು 15 ಲಕ್ಷವಿತ್ತು, 2023ರ ಏಪ್ರಿಲ್‌ನಿಂದ 30 ಆಗಿದೆ. ಬಡ್ಡಿ ಶೇ. 8.2. ಪೂರ್ತಿ ಮೂವತ್ತಿಟ್ಟರೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ತಾನಾಗಿ ಖಾತೆಗೆ ಬರುತ್ತದೆ. ಇದೆಲ್ಲ ಕಾಕಾಗೆ ಬಾಯಿಪಾಠ.

“ಮೂವತ್ತು ಅಲ್ಲಿ ಇಟ್ವಿ ಅನ್ನೂಣು, ತಮ್ಮಾ. ಉಳದ ಒಂದು?”

ಆ ಒಂದಕ್ಕೆ ಜಾಗ ಸಿಗುವವರೆಗೆ ಮೂವತ್ತನ್ನು ಅಲುಗಾಡಿಸುವಂತಿಲ್ಲ. ಒಟ್ಟಿಗೇ ಬಂದ ರೊಕ್ಕ, ಒಟ್ಟಿಗೇ ಹೋಗಬೇಕು. ಹೀಗಾಗಿ ಅಷ್ಟೂ ಹಣ ಸೇವಿಂಗ್ಸ್ ಖಾತೆಯಲ್ಲಿ ಎರಡೂವರೆ ಪರ್ಸೆಂಟಿಗೆ ಕಾಲು ಚಾಚಿ ಮಲಗಿದೆ. ಕಾಕು ಒಂದು ಸಂಜೆ ಕೊತ್ತಂಬರಿ ಸೋಸುತ್ತ ಫೋನಿನಲ್ಲೇ ಲೆಕ್ಕ ಹಾಕಿದರು: “ನೀವು ವಿಚಾರ ಮಾಡೋದಕ್ಕ ದಿನಕ್ಕ 468 ರೂಪಾಯಿ ಖರ್ಚು ಬರ್ತದ ನೋಡ್ರಿ.” ಕಾಕಾ ಆ ಅಂಕಿಯನ್ನು ಅಲ್ಲಗಳೆಯಲಿಲ್ಲ. ಅದನ್ನೂ ವಹಿಯಲ್ಲಿ ಬರೆದುಕೊಂಡರು.

ಆ ವಹಿಯನ್ನು ನೋಡಬೇಕು. ಕಾರ್ಖಾನೆಯವರು ಎಂದೋ ದೀಪಾವಳಿಗೆ ಕೊಟ್ಟ ಡೈರಿ. ಮುಂದಿನ ಪುಟಗಳಲ್ಲಿ ಹಾಲಿನ ಲೆಕ್ಕ, ಹಿಂದಿನಿಂದ ತಿರುವಿದರೆ ಅಪ್ಪನ ರೊಕ್ಕ. ಅಳತೆಪಟ್ಟಿಯಿಂದ ಎಳೆದ ಗೆರೆಗಳು, ಒಂದೊಂದು ಮನೆಗೆ ಒಂದೊಂದು ತಲೆಬರಹ: ಪೋಸ್ಟ್, ಎಫ್.ಡಿ., ಬಂಗಾರ, ಫಂಡ್, ಪ್ಲಾಟ್. ಬರೆಯುವುದು ಪೆನ್ಸಿಲಿನಿಂದ, ಏಕೆಂದರೆ ದರ ಬದಲಾಗುತ್ತದೆ. ಎಫ್.ಡಿ. ಕಾಲಮ್ಮಿನಲ್ಲಿ ರಬ್ಬರು ಉಜ್ಜಿ ಉಜ್ಜಿ ಕಾಗದ ತೂತು ಬಿದ್ದು, ಅದರೊಳಗಿಂದ ಆಚೆ ಪುಟದ ಒಂದೂವರೆ ಲೀಟರ್ ಎಮ್ಮೆ ಹಾಲು ಇಣುಕುತ್ತದೆ.

ಟೇಕಡಿಯ ಮೇಲೆ ಸಲಹೆಗಾರರಿಗೆ ಬರವಿಲ್ಲ. ಒಬ್ಬರು ತಳೇಗಾವ್ ಕಡೆ ಎನ್.ಎ. ಪ್ಲಾಟ್ ಅನ್ನುತ್ತಾರೆ. ಇನ್ನೊಬ್ಬರು ಬಂಗಾರ ಅನ್ನುತ್ತಾರೆ. ಮೂರನೆಯವರು ಅಳಿಯ ಫಂಡಿನ ಏಜೆಂಟನಾದ ದಿನದಿಂದ ಎಸ್.ಐ.ಪಿ. ಬಿಟ್ಟು ಬೇರೆ ಮಾತಾಡಿಲ್ಲ. ಎಲ್ಲರ ಮಾತಿಗೂ ಕಾಕಾ ತಲೆಯಾಡಿಸುತ್ತಾರೆ, ಇಳಿಯುವಾಗ ಎಲ್ಲವನ್ನೂ ಟೇಕಡಿಯ ಮೇಲೇ ಬಿಟ್ಟು ಬರುತ್ತಾರೆ.

ಬ್ಯಾಂಕಿನ ಹೆಸರೆತ್ತಿದರೆ ಅವರಿಗೆ ರೂಪೀ ಕೋ-ಆಪರೇಟಿವ್ ಬ್ಯಾಂಕು ನೆನಪಾಗುತ್ತದೆ. 1912ರಲ್ಲಿ ಹುಟ್ಟಿದ ಪುಣೆಯ ಬ್ಯಾಂಕು. 2013ರಲ್ಲಿ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿತು, 2022ರಲ್ಲಿ ಲೈಸೆನ್ಸೇ ರದ್ದಾಯಿತು. ಕಾಕಾದು ಅಲ್ಲಿ ಒಂದು ಪೈಸೆಯೂ ಇರಲಿಲ್ಲ, ಆದರೆ ಅವರಷ್ಟು ದುಃಖವನ್ನು ಠೇವಣಿದಾರರೂ ಪಟ್ಟಿರಲಿಕ್ಕಿಲ್ಲ. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ ವಿಮೆಯಿಂದ ಸಿಗುವುದು ಗರಿಷ್ಠ 5 ಲಕ್ಷ, 2020ರ ಫೆಬ್ರುವರಿಗೆ ಮೊದಲು ಬರೀ ಒಂದು ಲಕ್ಷವಿತ್ತು. ಅಸಲು, ಬಡ್ಡಿ ಎರಡೂ ಸೇರಿ ಐದು. ಆದ್ದರಿಂದ ಒಂದೊಂದು ಬ್ಯಾಂಕಿನಲ್ಲಿ 4 ಲಕ್ಷ 60 ಸಾವಿರದಂತೆ ಇಡಬೇಕು, ಅಂದರೆ ಏಳು ಬ್ಯಾಂಕು, ಏಳು ಪಾಸ್‌ಬುಕ್ಕು. “ಏಳು ಕಡೆ ಕೆ.ವೈ.ಸಿ. ಮಾಡಸ್ಕೋತ ತಿರುಗೂದರಾಗ ನಾನ ಮುಳುಗ್ತೇನಿ” ಎಂದು ಆ ಯೋಜನೆಯನ್ನೂ ಅಳಿಸಿದರು.

ತೆರಿಗೆಯ ಭಯ ಬೇರೆ. ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಗಿದೆ, ಅಪ್ಪನ ಆಸ್ತಿ ಬಂದದ್ದಕ್ಕೆ ಸರಕಾರಕ್ಕೆ ಏನೂ ಕೊಡಬೇಕಿಲ್ಲ ಎಂದು ಸಿ.ಎ. ಹೇಳಿದರು. ಮಾರಿದ್ದಕ್ಕೆ? ಹಳ್ಳಿಯ ಸಾಗುವಳಿ ಜಮೀನಾದರೆ ಅದಕ್ಕೂ ಇಲ್ಲ. ಆದರೆ ಹತ್ತು ಸಾವಿರದ ಮೇಲೆ, ಲಕ್ಷದೊಳಗೆ ಜನಸಂಖ್ಯೆಯಿರುವ ಪಟ್ಟಣವೊಂದು ಸಮೀಪ ಇದ್ದರೆ, ಅದರ ಪುರಸಭೆಯ ಗಡಿಯಿಂದ ಎರಡು ಕಿಲೋಮೀಟರಿನ ಆಚೆ ಹೊಲ ಇರಬೇಕು, ಅದೂ ರಸ್ತೆಯಿಂದಲ್ಲ, ಮೇಲಿಂದ ನೇರ ಗೆರೆ ಹಿಡಿದು. ಕಾಕಾ ಇಳಕಲ್ಲಿನ ತಮ್ಮನ ಮಗನಿಗೆ ಫೋನು ಹಚ್ಚಿ ಮ್ಯಾಪಿನಲ್ಲಿ ಅಳೆಸಿದರು. ನಾಲ್ಕು ಬಂತು. ನಂಬದೆ ಮತ್ತೊಮ್ಮೆ ಅಳೆಸಿದರು. ಹುಡುಗ ಈಗ ಫೋನು ಎತ್ತುವುದಿಲ್ಲ.

ಹಾಗಂತ ಇದು ಮುದಿತನದ ಅಳುಕಲ್ಲ. 1972ರಲ್ಲಿ ಸ್ಥಾಪನೆಯಾದ ನವನಗರ ವಿಕಾಸ ಪ್ರಾಧಿಕರಣ ನಿಗಡಿಯಲ್ಲಿ 99 ವರ್ಷದ ಲೀಜಿನ ಮೇಲೆ ಪ್ಲಾಟು ಕೊಡುತ್ತಿದ್ದಾಗ ಜೊತೆಯವರೆಲ್ಲ ಅರ್ಜಿ ಹಾಕಿದರು. ಇಪ್ಪತ್ತೈದರ ಹರೆಯದ ಕಾಕಾ ಕೇಳಿದ ಪ್ರಶ್ನೆ, “ಅಲ್ರೋ, 2084ರಾಗ ಬಿಡ್ರಿ ಅಂದ್ರ ಎಲ್ಲಿಗೆ ಹೋಗೂದು?” ಆ ಗೆಳೆಯರು ಇಂದು ಬಂಗಲೆಯ ಅಂಗಳದಲ್ಲಿ ಕೂತು ಚಹಾ ಕುಡಿಯುತ್ತಾರೆ. ಕಾಕಾ ಎರಡನೇ ಮಜಲಿನ ಬಾಲ್ಕನಿಯಲ್ಲಿ ನಿಂತು ಕುಡಿಯುತ್ತಾರೆ.

ವಿಚಿತ್ರವೆಂದರೆ ತಮ್ಮ ಸ್ವಂತ ಪಿ.ಎಫ್. ಬಂದಾಗ ಇದೇ ಕಾಕಾ ಒಂದೇ ಬೆಳಗಿನಲ್ಲಿ ಅರ್ಧಕ್ಕರ್ಧ ಶೇರು ಫಂಡಿಗೆ ಹಾಕಿ, ಬರುವಾಗ ವಡಾಪಾವ್ ತಿಂದುಕೊಂಡು ಬಂದವರು. ಒಂದು ಸಲ ನಾನು ಅದನ್ನೇ ಎತ್ತಿ ಕೇಳಿದೆ.

“ಅದು ನಂದಿತ್ತಪಾ. ಹೋದ್ರ ನಂದ ಹೋಗತಿತ್ತು. ಇದು ಅಪ್ಪಂದು.”

ಅಪ್ಪ ಹೋಗಿ ವರ್ಷಗಳಾದವು. ಹತ್ತಿ ಮಾರಿದ ಚೀಲ, ಹಮಾಲರಿಗೆ ಕೊಟ್ಟ ಚಿಲ್ಲರೆ, ಎಲ್ಲವನ್ನೂ ಕೆಂಪು ಬಟ್ಟೆಯ ಕಿರ್ದಿಯಲ್ಲಿ ಬರೆದಿಟ್ಟವರಂತೆ. ಐ.ಟಿ.ಐ.ಗೆ ಕಳಿಸುವಾಗ ಮಗನಿಗೆ ಕೊಟ್ಟ ರೊಕ್ಕಕ್ಕೂ ದಸರಾಕ್ಕೆ ಬಂದಾಗ ಲೆಕ್ಕ ಕೇಳಿದ್ದರು, ಮೂರು ರೂಪಾಯಿ ಹೊಂದಲಿಲ್ಲವೆಂದು ಊಟದ ತಾಟಿನ ಮುಂದೆಯೇ ಕೂಡಿಸಿ ನೆನಪು ಮಾಡಿಸಿದ್ದರು. ಅರವತ್ತೈದರ ಕಾಕಾ ಈಗಲೂ ಆ ದಸರಾಕ್ಕೆ ಲೆಕ್ಕ ಹೊಂದಿಸುತ್ತಿದ್ದಾರೆ.

ಮೊನ್ನೆ ಒಂದು ಪವಾಡ ನಡೆಯಿತು. ಹೆಚ್ಚಾದ ಒಂದು ಲಕ್ಷವನ್ನು ಕಾಕು ಯಾರನ್ನೂ ಕೇಳದೆ ಮೊಮ್ಮಗಳ ಕಾಲೇಜು ಫೀಗೆ ಕಟ್ಟಿಬಿಟ್ಟರು. ಉಳಿದದ್ದು ಸರಿಯಾಗಿ ಮೂವತ್ತು. ಕಾಕಾಗೆ ನೆಪವೇ ಉಳಿಯಲಿಲ್ಲ. ಇಸ್ತ್ರಿ ಅಂಗಿ ತೊಟ್ಟು, ಆಧಾರ್, ಪ್ಯಾನ್, ಫೋಟೋ, ಚೆಕ್ಕು ಎಲ್ಲ ಒಂದು ಪ್ಲಾಸ್ಟಿಕ್ ಫೈಲಿನಲ್ಲಿಟ್ಟುಕೊಂಡು ಪೋಸ್ಟಿಗೆ ಹೋದರು. ಊಟದ ಹೊತ್ತಿಗೆ ಫೈಲಿನ ಸಮೇತ ತಿರುಗಿ ಬಂದರು.

“ಯಾಕ್ರೀ, ತಗೊಳ್ಳಿಲ್ಲೇನು?”

“ತಗೋತಿದ್ರು. ಫಾರ್ಮಿನಾಗ ನಾಮಿನಿ ಹೆಸರು ಬರೀಬೇಕಂತ. ಇಬ್ಬರಿಗೂ ಬರೀಬಹುದಂತ, ಯಾರಿಗೆ ಎಷ್ಟು ಪಾಲು ಅಂತನೂ ಹಾಕಬೇಕಂತ. ಮಗಗ ಎಷ್ಟು, ಮಗಳಿಗೆ ಎಷ್ಟು… ವಿಚಾರ ಮಾಡಬೇಕಲ್ಲ.”

ಕಾಕು ರೊಟ್ಟಿಯ ಹಿಟ್ಟಿನ ಕೈಯಲ್ಲೇ ಒಳಗಿನಿಂದ ಬಂದು ಪೆನ್ನು ಚಾಚಿದರು. “ಸದ್ಯಕ್ಕ ನನ್ನ ಹೆಸರು ಬರೀರಿ. ಮೂರು ಗಂಟೆದೊಳಗ ಕೌಂಟರ್ ಮುಚ್ಚತಾರ.”