ಎಂಜಿ ರಸ್ತೆಯ ‘ಇಲ್ಲೊಂದಿತ್ತು’ ರಾಯರು

ಬೆಂಗಳೂರಿನ ಎಂಜಿ ರಸ್ತೆ, ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟುಗಳಲ್ಲಿ ಭಾನುವಾರ ಸಂಜೆ ಕೊಳ್ಳುವವರು, ತಿನ್ನುವವರು, ಫೋಟೊ ತೆಗೆಸಿಕೊಳ್ಳುವವರು ಸೇರುತ್ತಾರೆ. ಈ ಮೂರರಲ್ಲಿ ಯಾವುದಕ್ಕೂ ಸೇರದವರು ‘ಇಲ್ಲೊಂದಿತ್ತು’ ರಾಯರು. ವಯಸ್ಸು ಅರವತ್ತೈದು ದಾಟಿದೆ. ವಾಸ ಬಸವನಗುಡಿ, ಜಯನಗರ ಅಥವಾ ಮಲ್ಲೇಶ್ವರ. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲೊಂದು ಪೆನ್ನು, ಕಂಕುಳಲ್ಲಿ ಮಡಿಸಿದ ಬಟ್ಟೆ ಚೀಲ. ಆ ಚೀಲ ಬಿಚ್ಚಿದ್ದನ್ನು ಎಂಜಿ ರಸ್ತೆಯಲ್ಲಿ ಯಾರೂ ಕಂಡಿಲ್ಲ. ರಾಯರು ಒಬ್ಬರೇ ಬರುವುದಿಲ್ಲ. ಊರಿಗೆ ಹೊಸಬನಾದ ಸೊಸೆಯ ತಮ್ಮನೋ, ಅಮೆರಿಕದಿಂದ ರಜೆಗೆ ಬಂದ ಮೊಮ್ಮಗಳೋ ಜೊತೆಗಿರಬೇಕು. ಹೇಳಿದ್ದಕ್ಕೆ ಹೂಂಗುಟ್ಟಲು ಒಬ್ಬರು ಬೇಕಲ್ಲ.

ಸಂಚಾರ ಆರಂಭವಾಗುವುದು ಮೆಟ್ರೋ ನಿಲ್ದಾಣದಿಂದ. ನಗರದ ಮೊದಲ ಮೆಟ್ರೋ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಇಲ್ಲಿಯವರೆಗೆ ಓಡಿತು. ಹಿರಿಯರ ಸೀಟಿನಲ್ಲಿ ತಣ್ಣಗೆ ಕೂತು ಬಂದ ರಾಯರು ಇಳಿದೊಡನೆ ಮೆಟ್ರೋವನ್ನೇ ಬಯ್ಯುತ್ತಾರೆ. “ಇಲ್ಲೊಂದು ಬುಲೆವಾರ್ಡ್ ಇತ್ತು, ಕಾಗದದ ಹೂವಿನ ಬಳ್ಳಿ, ನೆರಳು!” ಎಂದು ತೋರಿಸಿದ ಕಡೆ ಕಾಂಕ್ರೀಟಿನ ಕಂಬ ನಿಂತಿರುತ್ತದೆ. ಮುಂದೆ 1936ರ ಪ್ಲಾಜಾ ಚಿತ್ರಮಂದಿರ, ಅದೂ ಇಲ್ಲ. ಪ್ರೀಮಿಯರ್ ಪುಸ್ತಕದಂಗಡಿ 2009ರಲ್ಲಿ ಬಾಗಿಲು ಹಾಕಿತು; ಆ ವರ್ಷವನ್ನು ರಾಯರು ಗ್ರಹಣದಂತೆ ಸ್ಮರಿಸುತ್ತಾರೆ.

ಇಷ್ಟರವರೆಗೆ ಎಲ್ಲ ಸುಗಮ. ಇಕ್ಕಟ್ಟು ಬರುವುದು ಇನ್ನೂ ಇರುವ ಅಂಗಡಿಗಳಿಂದ. ಪೇಟ ಕಟ್ಟಿದ ಮಾಣಿಗಳ ಇಂಡಿಯಾ ಕಾಫಿ ಹೌಸ್ ಎಂಜಿ ರಸ್ತೆಯನ್ನು ಬಿಟ್ಟದ್ದೂ 2009ರಲ್ಲೇ. ರಾಯರು ಅದರ ಅಂತ್ಯವನ್ನು ಗದ್ಗದರಾಗಿ ವರ್ಣಿಸುತ್ತಿರುವಾಗ ಮೊಮ್ಮಗಳು ಮೊಬೈಲು ನೋಡಿ, “ತಾತ, ಅದು ಚರ್ಚ್ ಸ್ಟ್ರೀಟಿಗೆ ಹೋಗಿದೆಯಷ್ಟೆ. ಈಗಲೂ ತೆರೆದಿದೆಯಂತೆ, ಹೋಗೋಣ್ವಾ?” ಅನ್ನುತ್ತಾಳೆ. ರಾಯರ ಮುಖ ಸಣ್ಣದಾಗುತ್ತದೆ. “ಅದು ಇದಲ್ಲಮ್ಮ.” ಹಿಗಿನ್‌ಬಾಥಮ್ಸ್ ಪುಸ್ತಕದಂಗಡಿಯ ಮುಂದೆಯೂ ಅವರ ನಡಿಗೆ ಚುರುಕಾಗುತ್ತದೆ, ಉಳಿದುಕೊಂಡ ಅಂಗಡಿಯ ಬಗ್ಗೆ ಹೇಳಲು ಏನಿದೆ?

ರಾಯರ ಮನೆಯವರಿಗೆ ಮಾತ್ರ ತಿಳಿದ ಸಂಗತಿಯೊಂದಿದೆ. ಅವರು ಕಣ್ಣೀರಿಡುವ ಅಂಗಡಿಗಳಲ್ಲಿ ಹೆಚ್ಚಿನವುಗಳ ಒಳಗೆ ಅವರು ಕಾಲಿಟ್ಟಿರಲಿಲ್ಲ. 1949ರವರೆಗೆ ಪೇಟೆಗೂ ಎಂಜಿ ರಸ್ತೆಯಿರುವ ದಂಡು ಪ್ರದೇಶಕ್ಕೂ ಬೇರೆ ಬೇರೆ ಪುರಸಭೆಗಳಿದ್ದವು. ಎರಡೂ ಒಂದಾದ ಮೇಲೂ ಬಸವನಗುಡಿಯವರ ಪಾಲಿಗೆ ದಂಡು ಪರಸ್ಥಳವೇ. ಎಪ್ಪತ್ತರ ದಶಕದಲ್ಲಿ ಬ್ಯಾಂಕಿನ ಗುಮಾಸ್ತರಾಗಿದ್ದ ರಾಯರು ಸಿಟಿ ಬಸ್ಸಿನಲ್ಲಿ ಬಂದು, ಗಾಜಿನ ಹೊರಗೆ ನಿಂತು ಬೂಟು, ಕೋಟು, ಕೇಕುಗಳನ್ನು ನೋಡುತ್ತಿದ್ದರು. ಒಳಗೆ ಹೋದರೆ ಅಂಗಡಿಯವನು ಇಂಗ್ಲಿಷಿನಲ್ಲಿ ಏನಾದರೂ ಕೇಳಿಬಿಟ್ಟರೆ? ಕಿಸೆಯಲ್ಲಿದ್ದ ಕಾಸು ಒಂದು ಕಾಫಿಗೂ ವಾಪಸು ಬಸ್ಸಿಗೂ ಸರಿಹೋಗುತ್ತಿತ್ತು. ಅಂಗಿ ಬಟ್ಟೆ ಆಗಲೂ ಚಿಕ್ಕಪೇಟೆಯದು, ಈಗಲೂ ಚಿಕ್ಕಪೇಟೆಯದು. ಕೊಳ್ಳಲಾಗದ ಅಂಗಡಿ ಮುಚ್ಚಿದ ಮೇಲೆ ಅದರ ಮೇಲೆ ಹಕ್ಕು ಸಾಧಿಸುವುದು ಸುಲಭ; ಇದರಲ್ಲಿ ರಾಯರನ್ನು ಪೂರ್ತಿ ದೂರುವಂತೆಯೂ ಇಲ್ಲ.

ಊಟದ ವಿಷಯ ಬೇಗ ಮುಗಿಯುತ್ತದೆ. ಹೊಸ ಕೆಫೆಯಲ್ಲಿ ಕೂರಿಸಿದರೆ ರಾಯರು ಪಟ್ಟಿಯ ಬಲಬದಿಯನ್ನಷ್ಟೇ ಓದಿ, ಒಂದು ಕಾಫಿಯ ದುಡ್ಡಿಗೆ ಮನೆಗೆ ಎಷ್ಟು ಕಾಫಿಪುಡಿ ಬರುತ್ತದೆಂದು ಮಾಣಿಗೂ ಕೇಳುವಂತೆ ಲೆಕ್ಕ ಹಾಕುತ್ತಾರೆ. “ದೋಸೆ ಅಂದರೆ ವಿದ್ಯಾರ್ಥಿ ಭವನ, ಗಾಂಧಿ ಬಜಾರಿಗೇ ಹೋಗೋಣ” ಎಂದು ಎದ್ದುಬಿಡುತ್ತಾರೆ. ಅಲ್ಲಿ ಕಾಯುವ ಸಾಲು ನೋಡಿ, ಕೊನೆಗೆ ಮನೆಯಲ್ಲಿ ಉಪ್ಪಿಟ್ಟು.

ಈ ವರ್ಗದವರ ಸಂಖ್ಯೆ ಕಡಿಮೆಯಾಗುವ ಸೂಚನೆಯಿಲ್ಲ. ಬ್ರಿಗೇಡ್ ರಸ್ತೆಯ ರೆಕ್ಸ್ ಚಿತ್ರಮಂದಿರ 2018ರ ಕೊನೆಗೆ ಮುಚ್ಚಿತು. ರಾಯರ ಮಗ, ವಯಸ್ಸು ನಲವತ್ತೆರಡು, ಮೊನ್ನೆ ಆಫೀಸಿನ ಹುಡುಗರನ್ನು ಅದರ ಮುಂದೆ ನಿಲ್ಲಿಸಿ, “ಇಲ್ಲೊಂದು ಥಿಯೇಟರ್ ಇತ್ತು ಕಣ್ರೋ” ಎಂದು ಶುರುಮಾಡಿದ್ದಾನೆ.