ಜೆರಾಕ್ಸ್ ಮಾವ

ಪ್ರತಿ ಬಳಗದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಮ್ಮಲ್ಲಿ ಜೆರಾಕ್ಸ್ ಮಾವ. ಕಂಕುಳಲ್ಲಿ ಲಾಡಿ ಕಟ್ಟುವ ಫೈಲು, ಜೇಬಿನಲ್ಲಿ ಎರಡು ಪೆನ್ನು: ಒಂದು ತಮಗೆ, ಇನ್ನೊಂದು ಪುರಸಭೆಗೆ ಬರಿಗೈಯಲ್ಲಿ ಬರುವ ನಮ್ಮಂಥವರಿಗೆ.

ತಂಗಿಗೆ ಹೆರಿಗೆಯಾದ ದಿನ ನಾವೆಲ್ಲ ಕೂಸಿನ ಮೂಗು ಯಾರದೆಂದು ಜಗಳವಾಡುತ್ತಿದ್ದರೆ ಮಾವ ಬೆರಳು ಮಡಚುತ್ತಿದ್ದರು. "21 ದಿನದೊಳಗೆ ಬರೆಸಿದ್ರೆ ಕಾಸಿಲ್ಲ. 30 ದಾಟಿದ್ರೆ ಮೇಲಧಿಕಾರಿ ಅನುಮತಿ, ವರ್ಷ ದಾಟಿದ್ರೆ ಮ್ಯಾಜಿಸ್ಟ್ರೇಟ್ ಆರ್ಡರು!"

"ಆಸ್ಪತ್ರೆಯವರೇ ಕಳಿಸ್ತಾರಂತಲ್ಲ ಮಾವ?"

"ಕಳಿಸ್ತಾರೆ. ಸ್ಪೆಲ್ಲಿಂಗ್ ನೋಡೋರು ಯಾರು? ನಿಮ್ಮಪ್ಪನಾ?"

"ಇನ್ನೂ ಹೆಸರೇ ಇಟ್ಟಿಲ್ವಲ್ಲೋ" ಎಂದರು ಅಜ್ಜಿ.

"ಖಾಲಿ ಬಿಟ್ರಾಯ್ತಮ್ಮ. ವರ್ಷದೊಳಗೆ ಸೇರಿಸಿದ್ರೆ ಫೀಸೂ ಇಲ್ಲ."

1969ರ ನೋಂದಣಿ ಕಾಯಿದೆ ಅವರಿಗೆ ವಿಷ್ಣು ಸಹಸ್ರನಾಮದಂತೆ ಬಾಯಿಪಾಠ. 2023ರಲ್ಲಿ ಅದಕ್ಕೆ ತಿದ್ದುಪಡಿಯಾಗಿ, ಆ ಅಕ್ಟೋಬರ್ 1ರಿಂದ ಹುಟ್ಟುವವರಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಜನನ ಪ್ರಮಾಣಪತ್ರವೇ ಆಧಾರವೆಂದಾದಾಗ, ಮಸೂದೆ ತಾವೇ ಮಂಡಿಸಿದ ಹಾಗೆ ವಾರವಿಡೀ ಬೀಗಿದರು.

ಮದುವೆಮನೆಯಲ್ಲಿ ಹೋಳಿಗೆಗಿಂತ ಲಗ್ನಪತ್ರಿಕೆ ಮುಖ್ಯ. ಮಿಕ್ಕವರು ಅದರ ಬೆನ್ನಲ್ಲಿ ಹಾಲಿನ ಲೆಕ್ಕ ಬರೆದರೆ, ಮಾವ ಎರಡು ಪ್ರತಿ ಫೈಲಿಗೆ ಸೇರಿಸುತ್ತಾರೆ. ಧಾರೆ ಮುಗಿದದ್ದೇ ವಧೂವರರಿಗೆ ಅಪ್ಪಣೆ: "ಕ್ಯಾಮೆರಾ ನೋಡಿ. ನಗಬೇಡಿ, ಇದು ಸಬ್‌ರಿಜಿಸ್ಟ್ರಾರ್‌ಗೆ."

ಸಾವಿನ ಮನೆಗೆ ಅವರು ಕಾಲಿಟ್ಟರೆ ಮಾತ್ರ ಎಲ್ಲರಿಗೂ ಇರುಸುಮುರುಸು. ಅಳುವವರ ಪಕ್ಕ ಕೂತು, ದನಿ ತಗ್ಗಿಸಿ, "ಆಧಾರ್ ಕಾರ್ಡ್ ಎಲ್ಲಿಟ್ಟಿದ್ರು?" ಎನ್ನುವ ಮನುಷ್ಯನನ್ನು ಯಾರು ಮೆಚ್ಚುತ್ತಾರೆ? ಹಾಗೆ ಬೈದುಕೊಂಡವರೇ ವೈಕುಂಠ ಸಮಾರಾಧನೆ ಮುಗಿದ ಮರುದಿನ, ಬ್ಯಾಂಕು, ಎಲ್‌ಐಸಿ, ಖಾತೆ ಬದಲಾವಣೆ ಎಂದು ಅವರ ಮನೆ ಜಗಲಿಯಲ್ಲಿರುತ್ತಾರೆ.

ಈಚೆಗೆ ಅಜ್ಜಿ ಮನೆಯಲ್ಲೇ ತೀರಿಕೊಂಡರು. ಮಾವನ ಜೊತೆ ಪುರಸಭೆಗೆ ನಾನೂ ಹೋದೆ. ಫೈಲು ಎಂದಿನಂತೆ ಅಚ್ಚುಕಟ್ಟು. ಗುಮಾಸ್ತರು ಅಜ್ಜಿಯ ಆಧಾರ್ ನೋಡಿದರು, ಮಾಹಿತಿ ಕೊಡುವವರೆಂದು ಮಾವನದನ್ನೂ ನೋಡಿದರು, ಕನ್ನಡಕ ಏರಿಸಿದರು.

"ಸಾರ್, ತಾಯಿಗೂ ನಿಮಗೂ ಬರೀ 9 ವರ್ಷ ವ್ಯತ್ಯಾಸ."

ಅಜ್ಜಿಯ ಇಸವಿ ಆಧಾರ್ ಮಾಡಿಸುವಾಗ ಯಾರೋ ಅಂದಾಜಿಗೆ ಹಾಕಿಸಿದ್ದು. ಮಾವನದೂ ಅಷ್ಟೆ. ಹುಟ್ಟಿದ್ದು ಶ್ರಾವಣದ ಜಡಿಮಳೆಯಲ್ಲಂತೆ. ಆದರೆ ಬಲಗೈ ನೆತ್ತಿ ದಾಟಿ ಎಡಗಿವಿ ಮುಟ್ಟಿದ್ದೇ ತಡ, ಹೆಡ್‌ಮಾಸ್ತರರು ಜೂನ್ 1 ಎಂದು ಬರೆದು ಶಾಲೆಗೆ ಸೇರಿಸಿಕೊಂಡಿದ್ದರು. (ಆ ತಲೆಮಾರಿನವರ ವಾಟ್ಸಾಪ್ ಗುಂಪಿದ್ದರೆ ನೋಡಿ, ಜೂನ್ 1ರಂದು ಕೇಕಿನ ಚಿತ್ರಗಳ ಜಾತ್ರೆ.)

"ನಿಜವಾದ ವಯಸ್ಸು ಎಷ್ಟು ಸಾರ್?"

ಮಾವ ಫೈಲಿನ ಹಾಳೆಗಳನ್ನೆಲ್ಲ ಒಮ್ಮೆ ತಿರುವಿದರು. "ಅಮ್ಮನ್ನೇ ಕೇಳಬೇಕಿತ್ತು" ಎಂದರು.

ಗುಮಾಸ್ತರು ಬಿಳಿ ಹಾಳೆಯೊಂದನ್ನು ಮುಂದೆ ತಳ್ಳಿದರು. ಮಾವ ಜೇಬು ತಡಕಿ, ನನ್ನ ಕಡೆ ತಿರುಗಿದರು.

"ಪೆನ್ನಿದೆಯೇನೋ?"